ಮೊದಲ ಸೂಜಿಯ ಹೊತ್ತು

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತು ಎಂಬ ಗಾದೆಯನ್ನು ರಘುನಾಥ ಚಿಕ್ಕಂದಿನಿಂದ ಕೇಳಿದ್ದ. ಅದರಲ್ಲಿ ಗೆದ್ದಲಿನ ಪಾಲು ತನಗೇ ಬರುತ್ತದೆ ಎಂದು ಗೊತ್ತಾದದ್ದು ೨೦೦೬ರ ಅಕ್ಟೋಬರಿನ ಒಂದು ಸೋಮವಾರ, ಉಪ್ಸಾಲಾದಲ್ಲಿ, ಪ್ರಿಂಟರಿನಿಂದ ಬಿಸಿಬಿಸಿಯಾಗಿ ಹೊರಬಂದ ಹದಿನಾಲ್ಕು ಹಾಳೆಗಳನ್ನು ಕೈಯಲ್ಲಿ ಹಿಡಿದಾಗ. ಪ್ರಬಂಧದ ಕರಡಿನ ಮೇಲೆ ಮೊದಲ ಹೆಸರು ಡಾಕ್ಟರ್ ಮೋಯಿನ್‌ನದು. ಎರಡನೆಯದು ಪ್ರೊಫೆಸರರದು. ರಘುನಾಥನ ಹೆಸರು ಕೊನೆಯ ಹಾಳೆಯ ಅಡಿಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿತ್ತು. ಲೆಕ್ಕಾಚಾರದಲ್ಲಿ ನೆರವಾದದ್ದಕ್ಕೆ ಕೃತಜ್ಞತೆಗಳು ಎಂದಿತ್ತು.

ನೆರವಂತೆ. ಮೂರು ಚಳಿಗಾಲ ಕಣ್ಣು ಕೆಂಪಗೆ ಮಾಡಿಕೊಂಡು ಆ ಪಟ್ಟಿಯನ್ನು ಕಟ್ಟಿದವನು ಅವನು. ಕಾರು ಗುದ್ದಿ, ಹಿಮದಲ್ಲಿ ಜಾರಿ, ಏಣಿಯಿಂದ ಬಿದ್ದು ಆಸ್ಪತ್ರೆಗೆ ಬರುವವರ ಮುರಿದ ಮೂಳೆ ಎಲ್ಲರಿಗೂ ಕಾಣುತ್ತದೆ. ಮಲಗಿದಲ್ಲೇ ಕಾಲಿನ ರಕ್ತನಾಳದಲ್ಲಿ ಸದ್ದಿಲ್ಲದೆ ಗಟ್ಟಿಯಾಗುವ ರಕ್ತ ಮಾತ್ರ ಯಾರಿಗೂ ಕಾಣುವುದಿಲ್ಲ. ಹತ್ತನೇ ದಿನ ರೋಗಿ ನಗುನಗುತ್ತ ಎದ್ದು ಬಚ್ಚಲಿಗೆ ಹೊರಡುತ್ತಾನೆ, ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಅದನ್ನು ತಡೆಯಲು ದಿನಕ್ಕೊಂದು ಸೂಜಿ ಇದೆ. ಆದರೆ ತಲೆಯೊಳಗೆ ರಕ್ತ ಸೋರುತ್ತಿರುವವನಿಗೆ ಅದೇ ಸೂಜಿ ಯಮನಾಗಬಹುದು. ಯಾರಿಗೆ ಕೊಡಬೇಕು, ಯಾರಿಗೆ ತಡೆಯಬೇಕು, ಎಷ್ಟು ಗಂಟೆ ತಡೆಯಬೇಕು? ವಯಸ್ಸಿಗಿಷ್ಟು, ತೊಡೆಮೂಳೆಗಿಷ್ಟು, ತಲೆಪೆಟ್ಟಿಗಿಷ್ಟು, ಮೊದಲ ಸೂಜಿ ತಡವಾದ ಪ್ರತಿ ಆರು ಗಂಟೆಗಿಷ್ಟು ಎಂದು ಅಂಕ ಹಾಕಿ ಕೂಡಿದರೆ ಉತ್ತರ ಸಿಗುವ ಹಾಗೆ ಒಂದೇ ಪುಟದ ಪಟ್ಟಿ ಮಾಡಿದ್ದ ರಘುನಾಥ. ಮೋಯಿನ್ ಮಾಡಿದ್ದು ರೋಗಿಗಳ ವಿವರ ಕೂಡಿಹಾಕುವ ಕೆಲಸ. ಹಾಗೆಂದು ರಘುನಾಥ ನಂಬಿದ್ದ.

ಮೋಯಿನ್ ದಾವಣಗೆರೆಯವನು, ಮೂಳೆ ಸರ್ಜನ್, ರಘುನಾಥನಿಗಿಂತ ನಾಲ್ಕು ವರ್ಷ ಚಿಕ್ಕವನು. ಇಡೀ ಸಂಶೋಧನಾ ಘಟಕದಲ್ಲಿ ಕನ್ನಡ ಬರುತ್ತಿದ್ದುದು ಇವರಿಬ್ಬರಿಗೇ. ಮೂರು ಗಂಟೆಗೆ ಎಲ್ಲರೂ ಕೆಲಸ ಬಿಟ್ಟು ಫಿಕಾಗೆ, ಅಂದರೆ ಕಾಫಿ-ಬನ್ನಿಗೆ, ಕೂತಾಗ ಇವರಿಬ್ಬರೂ ಕಿಟಕಿ ಪಕ್ಕದ ಮೇಜು ಹಿಡಿಯುತ್ತಿದ್ದರು. ಅಂದೂ ಹಿಡಿದರು.

"ರಘಣ್ಣ, ಬೇಜಾರ್ ಮಾಡ್ಕೋಬೇಡಿ. ಹೆಸರಿನ ಆರ್ಡರ್ ಪ್ರೊಫೆಸರ್ ಹಾಕಿದ್ದು. ನಾನು ಹೇಳಿ ನೋಡ್ದೆ, ಕೇಳ್ಲಿಲ್ಲ. ನೆಕ್ಸ್ಟ್ ಪೇಪರ್ ನಿಮ್ದೇ," ಎಂದ ಮೋಯಿನ್.

"ಛೆ, ಅದೆಲ್ಲ ಏನೂ ಇಲ್ಲ ಬಿಡಿ," ಎಂದ ರಘುನಾಥ.

ಮೋಯಿನ್‌ಗೆ ಸಮಾಧಾನವಾಗಿರಬೇಕು. ಎಂದಿನಂತೆ ಅಪ್ಪನ ಜವಳಿ ಅಂಗಡಿಯ ಕತೆಗೆ ಇಳಿದ. "ನಮ್ಮಪ್ಪ ದಿನಕ್ಕೊಂದು ಹೊತ್ತಿಗೆ ಚಾ ಕುಡೀತಿದ್ರು. ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದ ಕೂಡ್ಲೆ, ಮಂಗಳವಾರ ಮೂರು ಗಂಟೆ ಮೇಲೆ. ವಾರಪೂರ್ತಿ ಹಂಗೇ. ಯಾಕೆ ಗೊತ್ತಾ?" ಯಾಕೆ ಎಂದು ಕೇಳಿಸಿಕೊಳ್ಳುವ ವ್ಯವಧಾನ ರಘುನಾಥನಿಗಿರಲಿಲ್ಲ. ಫೋನ್ ಬಂತೆಂದು ಸುಳ್ಳು ಹೇಳಿ ಎದ್ದು ಹೋದ.

ನವೆಂಬರಿನಲ್ಲಿ ಎರಡನೇ ಏಟು ಬಿತ್ತು. ಘಟಕದಲ್ಲಿದ್ದ ಒಂದೇ ಒಂದು ಕಾಯಂ ಹುದ್ದೆ ಮೋಯಿನ್‌ಗೆ ಹೋಯಿತು. ರಘುನಾಥನ ಕರಾರು ಜೂನಿಗೆ ಮುಗಿಯುತ್ತಿತ್ತು. ಕೆಲಸದ ಜೊತೆಗೇ ಈ ದೇಶದಲ್ಲಿ ಇರುವ ಪರವಾನಗಿಯೂ, ಹೆಂಡತಿ ಮೀರಾ ಪಕ್ಕದೂರು ಕಿಸ್ಟಾದಲ್ಲಿ ಈಗಷ್ಟೇ ಹಿಡಿದಿದ್ದ ಕೆಲಸವೂ, ಮಗಳು ನಾಲ್ಕು ವರ್ಷದ ಪಾವನಾಳ ದಾಗಿಸ್ ಎಂಬ ಶಿಶುವಿಹಾರವೂ ಹೋಗುತ್ತಿದ್ದವು. ಮಗು ಆಗಲೇ ಕನ್ನಡದಲ್ಲಿ ಕೇಳಿದ್ದಕ್ಕೆ ಸ್ವೀಡಿಷ್‌ನಲ್ಲಿ ಉತ್ತರ ಕೊಡುತ್ತಿತ್ತು. ಅವಳನ್ನು ಕಿತ್ತು ಮತ್ತೆಲ್ಲಿ ನೆಡುವುದು ಎಂಬ ಸಂಕಟ ಅವನಿಗೆ ಹತ್ತಿಕೊಂಡಿತು. ಆ ಸಂಕಟ ಎರಡೇ ದಿನಕ್ಕೆ ಸಿಟ್ಟಾಯಿತು. ಮೂರನೇ ದಿನ ಅದಕ್ಕೊಂದು ಉಪಾಯ ಹುಟ್ಟಿತು.

ಉಪಾಯದ ಬೀಜವನ್ನು ಮೋಯಿನ್‌ನೇ ಅವನ ಕೈಗಿಟ್ಟಿದ್ದ. ಅಧ್ಯಯನಕ್ಕೆ ಡಿಸೆಂಬರ್ ಕೊನೆಯೊಳಗೆ ಸಾವಿರದ ಇನ್ನೂರು ರೋಗಿಗಳು ಬೇಕಿತ್ತು. ಮೋಯಿನ್ ಅಲ್ಲಿಯವರೆಗೆ ಕೂಡಿಹಾಕಿದ್ದು ಸಾವಿರದ ಎಂಬತ್ತೆಂಟು. ಉಳಿದ ನೂರ ಹನ್ನೆರಡು ಜನರನ್ನು ರಘುನಾಥ ಹುಟ್ಟಿಸುತ್ತಾನೆ. ಎಲ್ಲೂ ಬೀಳದ, ಎಲ್ಲೂ ಮಲಗದ, ತಾಯಿಯೇ ಇಲ್ಲದ ನೂರ ಹನ್ನೆರಡು ಜನ. ಎಲ್ಲರೂ ಮೋಯಿನ್‌ನ ಲಾಗಿನ್ ಮೂಲಕ ದಾಖಲೆಗೆ ಸೇರುತ್ತಾರೆ. ಎಲ್ಲರೂ ಮೋಯಿನ್‌ನ ಹೆಸರಿನ ಪ್ರಬಂಧ ಹೊಳೆಯುವ ಹಾಗೆ ನಡೆದುಕೊಳ್ಳುತ್ತಾರೆ. ಮಾರ್ಚಿನಲ್ಲಿ ಪ್ರತಿ ವರ್ಷದಂತೆ ಗುನಿಲ್ಲಾ ತಪಾಸಣೆಗೆ ಬರುತ್ತಾಳೆ. ಆಕೆ ಘಟಕದ ಹಿರಿಯ ನರ್ಸ್, ಕಂಪ್ಯೂಟರಿನ ದಾಖಲೆಯನ್ನೂ ವಾರ್ಡಿನ ಕಾಗದವನ್ನೂ ಹೋಲಿಸಿ ನೋಡುವವಳು. ಕಾಗದವೇ ಇಲ್ಲದ ರೋಗಿಗಳು ಅವಳಿಗೆ ಸಿಗುತ್ತಾರೆ. ದೂರು ಕೊಡಬೇಕಿಲ್ಲ, ಅನಾಮಧೇಯ ಪತ್ರ ಬರೆಯಬೇಕಿಲ್ಲ. ಈ ದೇಶದಲ್ಲಿ ವ್ಯವಸ್ಥೆಯೇ ಬಂದು ಕತ್ತು ಹಿಡಿಯುತ್ತದೆ, ಅದೂ ಮೆತ್ತಗೆ, ಹೆಸರು ಹಿಡಿದು ಕರೆದು.

ಸುಳ್ಳು ಅಂಕಿಯಿಂದ ನಿಜವಾದ ರೋಗಿಗೆ ಅಪಾಯವಾದರೆ? ಆ ಪ್ರಶ್ನೆ ಅವನಿಗೂ ಬಂತು, ಅಷ್ಟು ಕಟುಕನೇನೂ ಅಲ್ಲ. ಪಟ್ಟಿ ವಾರ್ಡಿನ ಬಳಕೆಗೆ ಬರುವುದು ಸೆಪ್ಟೆಂಬರಿನಲ್ಲಿ. ಅಷ್ಟರೊಳಗೆ ಬಣ್ಣ ಬಯಲಾಗಿ, ಸುಳ್ಳರನ್ನೆಲ್ಲ ಅಳಿಸಿ, ಲೆಕ್ಕ ಮತ್ತೆ ಮಾಡಬೇಕಾಗುತ್ತದೆ. ಮಾಡುವವರು ಯಾರು? ರಘುನಾಥನೇ. ಆಗ ಅವನ ಕರಾರು ಮುಂದುವರಿಯಲೇಬೇಕು. ಇದನ್ನು ಯೋಚಿಸಿದಾಗ ಅವನಿಗೆ ತನ್ನ ಬೆನ್ನು ತಾನೇ ತಟ್ಟಿಕೊಳ್ಳಬೇಕೆನಿಸಿತು.

ಒಬ್ಬ ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವನು ರಘುನಾಥ. ಪಾಸ್‌ವರ್ಡ್ ಕದಿಯುವ ಕಷ್ಟವೂ ಇರಲಿಲ್ಲ, ಒಮ್ಮೆ ರೋಗಿಗಳ ಎಣಿಕೆ ತೆಗೆಯಲೆಂದು ಮೋಯಿನ್‌ನೇ ಹೇಳಿದ್ದ: ಹೆಂಡತಿ ಸಬ್ರೀನ್ ಹೆಸರು, ಪಕ್ಕದಲ್ಲಿ ಮದುವೆಯಾದ ವರ್ಷ. ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ ಮೋಯಿನ್‌ಗೆ ಆಪರೇಷನ್ ಇರುತ್ತಿರಲಿಲ್ಲ. ಕೋಣೆಗೆ ಬೀಗ ಹಾಕದೆ ವಾರ್ಡಿನಲ್ಲಿ ಅಡ್ಡಾಡುತ್ತಿದ್ದ. ಆ ಹೊತ್ತಿನಲ್ಲಿ, ಅದೇ ಕೋಣೆಯಲ್ಲಿ, ಅದೇ ಕಂಪ್ಯೂಟರಿನಲ್ಲಿ ಬರೆದರೆ ಬರೆದವನು ಮೋಯಿನ್ ಅಲ್ಲ ಎನ್ನಲು ಸಾಕ್ಷಿಯೇ ಇರುವುದಿಲ್ಲ. ಹಳೆಯ ರೋಗಿಗಳನ್ನು ವಾರಗಟ್ಟಲೆ ತಡವಾಗಿ ದಾಖಲಿಸುವುದು ಅಲ್ಲಿ ಮಾಮೂಲು. ರೋಗಿಗಳು ಎಷ್ಟಾದರು ಎಂದು ಪ್ರತಿ ಸೋಮವಾರ ಎಲ್ಲರಿಗೂ ಹೇಳುವವನಂತೂ ರಘುನಾಥನೇ.

ವಯಸ್ಸು, ತೂಕ, ಪೆಟ್ಟಿನ ಬಗೆ, ಎಲ್ಲವನ್ನೂ ಮನೆಯಲ್ಲೇ ತಯಾರು ಮಾಡಿದ. ಕಂಪ್ಯೂಟರ್ ಕಣ್ಣು ಮುಚ್ಚಿ ಚೀಟಿ ಎತ್ತಿದ ಹಾಗೆ ಸಂಖ್ಯೆ ಕೊಡುವ ವಿಧಾನವನ್ನು ಬಳಸಿದ. ಚಳಿಗಾಲದಲ್ಲಿ ಜಾರಿ ಬಿದ್ದವರು ಹೆಚ್ಚು, ಬೇಸಿಗೆಯಲ್ಲಿ ಸೈಕಲ್ಲಿನಿಂದ ಬಿದ್ದವರು ಹೆಚ್ಚು. ನಾಲ್ವರಿಗೆ ಹೆಪ್ಪುಗಟ್ಟುತ್ತದೆ, ಒಬ್ಬರೂ ಸಾಯುವುದಿಲ್ಲ. ಸುಳ್ಳು ರೋಗಿಗಳನ್ನು ಕೊಲ್ಲಲು ಅವನಿಗೆ ಮನಸ್ಸು ಬರಲಿಲ್ಲ.

ಉಳಿದದ್ದು ಒಂದೇ ಕಾಲಂ: ಮೊದಲ ಸೂಜಿ ಕೊಟ್ಟ ದಿನ ಮತ್ತು ಗಂಟೆ. ಅದರ ಬಗ್ಗೆ ಯೋಚಿಸುತ್ತಿದ್ದ ದಿನವೇ, ಒಂದು ಬುಧವಾರ, ಪಾವನಾಳಿಗೆ ಕಿವಿನೋವು ಬಂದು ಅವನು ಮನೆಯಲ್ಲಿ ಉಳಿಯಬೇಕಾಯಿತು. ಮೀರಾ ಔಷಧಿ ಅಂಗಡಿಯಿಂದ ಪೆನ್ಸಿಲಿನ್ ಬಾಟಲಿ ತಂದಾಗ ಹನ್ನೆರಡೂ ಮುಕ್ಕಾಲು.

"ಸ್ವಲ್ಪ ತಡೀರಿ. ಮೊದಲ್ನೇ ಡೋಸ್ ಒಂದೂವರೆ ದಾಟಿದ ಮೇಲೆ ಕೊಡಿ ಅಂದ್ರು ಅತ್ತೆ, ಫೋನಲ್ಲಿ," ಎಂದಳು ಮೀರಾ.

"ಯಾವ ಒಂದೂವರೆ? ಇಲ್ಲಿದೋ, ಚಾಮರಾಜಪೇಟೆದೋ? ಅಲ್ಲಾಗ್ಲೇ ಸಾಯಂಕಾಲ ಆಯ್ತು."

ಮೀರಾ ನಕ್ಕು ಅಡುಗೆಮನೆಯ ಗೋಡೆ ಕಡೆ ಕೈ ತೋರಿಸಿದಳು. ಅಲ್ಲಿ ಅಮ್ಮ ಪ್ರತಿ ವರ್ಷ ಕಳಿಸುವ ಕ್ಯಾಲೆಂಡರ್ ನೇತಾಡುತ್ತಿತ್ತು, ದಿನಕ್ಕೊಂದು ಚೌಕ, ಚೌಕದೊಳಗೆ ಸೊಳ್ಳೆಯಂಥ ಅಕ್ಷರ. ಸೂರ್ಯ ಒಂಬತ್ತಕ್ಕೆ ಹುಟ್ಟಿ ಮೂರಕ್ಕೆ ಮುಳುಗುವ ಊರಲ್ಲಿ ಇದನ್ನು ನೋಡಿ ಬಾಳಬೇಕಂತೆ ಎಂದು ರಘುನಾಥ ಗೇಲಿ ಮಾಡಿದ. ಅವನಿಗೆ ಗ್ರಹಗಳ ಮೇಲೆ ನಂಬಿಕೆಯಿರಲಿಲ್ಲ, ಇದ್ದದ್ದು ಸಂಖ್ಯೆಗಳ ಮೇಲೆ. ಈಗಲೇ ಕೊಡುತ್ತೇನೆ ಎಂದು ಬಾಟಲಿ ಎತ್ತಿಕೊಂಡ. ಅಳತೆ ಚಮಚ ತೊಳೆದ. ಒರೆಸಿದ. ಬಾಟಲಿಯ ಮೇಲಿನ ಸ್ವೀಡಿಷ್ ಸೂಚನೆಯನ್ನು ಎರಡು ಸಲ ಓದಿದ. ಬಾಯಿ ಕಹಿಯಾದೀತೆಂದು ಜಾಮ್ ಹುಡುಕಿದ. "ಕೊಮ್ ನೂ, ಪಪ್ಪಾ," ಈಗಲೇ ಬಾ ಎಂದು ಮಗು ಸ್ವೀಡಿಷ್‌ನಲ್ಲಿ ರಾಗ ಎಳೆಯಿತು. ಮೊದಲ ಚಮಚ ಬಾಯಿಗೆ ಬಿದ್ದಾಗ ಗಂಟೆ ಒಂದು ಮೂವತ್ತೈದು. ಅವನು ಗಡಿಯಾರ ನೋಡಲಿಲ್ಲ.

ಸೂಜಿಯ ಗಂಟೆಯನ್ನು ಕಂಪ್ಯೂಟರಿಗೆ ಬಿಡಬಾರದು ಎಂದು ಅವತ್ತೇ ತೀರ್ಮಾನಿಸಿದ. ಇಲ್ಲೇ ದಡ್ಡರು ಸಿಕ್ಕಿಬೀಳುವುದು. ಯಂತ್ರ ಒಂಬತ್ತು ಗಂಟೆ ಹದಿನೇಳು ನಿಮಿಷ ಎನ್ನುತ್ತದೆ. ನರ್ಸ್ ಹಾಗೆ ಬರೆಯುವುದಿಲ್ಲ, ಒಂಬತ್ತೂ ಕಾಲು ಎನ್ನುತ್ತಾಳೆ. ಕೆಲವೊಮ್ಮೆ ಒಂಬತ್ತೂ ಇಪ್ಪತ್ತು. ಯಂತ್ರಕ್ಕೆ ದಣಿವಿಲ್ಲ, ಮನುಷ್ಯರಿಗಿದೆ. ಆ ವಾರ್ಡಿನಲ್ಲಿ ಮೊದಲ ಸೂಜಿ ಕೊಡುವುದು ಬೆಳಿಗ್ಗೆ ಏಳರಿಂದ ಸಂಜೆ ಏಳರೊಳಗೆ. ಆದ್ದರಿಂದ ಆ ಒಂದು ಕಾಲಮನ್ನು ಅವನು ಕೈಯಾರೆ, ಆಗ ಮನಸ್ಸಿಗೆ ಬಂದ ಹಾಗೆ ತುಂಬುತ್ತಾನೆ. ಒಬ್ಬೊಬ್ಬ ರೋಗಿಯನ್ನೂ ಕಣ್ಣ ಮುಂದೆ ತಂದುಕೊಂಡು, ಹಾಸಿಗೆಯ ಪಕ್ಕ ನಿಂತು, ಈಗ ಸೂಜಿ ಕೊಡಬಹುದು ಎನ್ನಿಸಿದ ಗಳಿಗೆಯನ್ನು ಬರೆಯುತ್ತಾನೆ. ಮನುಷ್ಯನ ಕೈಗೆ ಮನುಷ್ಯನ ಕೈಯೇ ಸಾಟಿ.

ಹಾಗೇ ಬರೆದ. ಐದು ವಾರ, ಹತ್ತು ಮಧ್ಯಾಹ್ನ. ಬರೆಯುವಾಗ ಬೆರಳು ತಡವರಿಸಲಿಲ್ಲ. ಸೋಮವಾರ ಆರತಿಗೆ ಬಂದಂತೆ ಒಂಬತ್ತೂ ಹತ್ತಕ್ಕೆ ಒಬ್ಬರು, ಶುಕ್ರವಾರ ಹತ್ತೂ ಕಾಲಿಗೆ ಒಬ್ಬರು, ಗುರುವಾರ ಮೂರೂ ಐದಕ್ಕೆ ಇನ್ನೊಬ್ಬರು. ಏಳನೇ ಮಧ್ಯಾಹ್ನ ಬಾಗಿಲು ತೆರೆಯಿತು. ಗುನಿಲ್ಲಾ ನಿಂತಿದ್ದಳು. ತೆರೆಯ ಮೇಲೆ ಎಪ್ಪತ್ತೊಂಬತ್ತನೇ ಸುಳ್ಳು ರೋಗಿ, ಐವತ್ತೆರಡು ವರ್ಷದ ಹೆಂಗಸು, ಅರ್ಧ ಹುಟ್ಟಿ ನಿಂತಿದ್ದಳು.

"ಮೋಯಿನ್ ಇಲ್ಲವಾ?" ಎಂದು ಕೇಳಿದಳು ಗುನಿಲ್ಲಾ ಸ್ವೀಡಿಷ್‌ನಲ್ಲಿ.

"ವಾರ್ಡಿಗೆ ಹೋಗಿದ್ದಾನೆ. ನಾನು ಎಣಿಕೆ ತೆಗೆಯುತ್ತಿದ್ದೆ."

"ಮೂರಾಯಿತು. ಫಿಕಾ," ಎಂದು ಹೇಳಿ ಅವಳು ಹೋದಳು. ಅಂಗೈ ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡು, ಐವತ್ತೆರಡು ವರ್ಷದ ಹೆಂಗಸನ್ನು ಪೂರ್ತಿ ಹುಟ್ಟಿಸಿ, ಅವನೂ ಕಾಫಿಗೆ ಹೋದ.

ಕ್ರಿಸ್ಮಸ್ ಹಿಂದಿನ ಸೋಮವಾರ ಸಾವಿರದ ಇನ್ನೂರು ತುಂಬಿತೆಂದು ಸಾರಿದ. ನರ್ಸುಗಳು ತನ್ನ ಲಾಗಿನ್ನಿನಲ್ಲಿ ಹಳೆಯ ಬಾಕಿಯನ್ನೆಲ್ಲ ಹಾಕಿ ಮುಗಿಸಿರಬೇಕೆಂದು ಮೋಯಿನ್ ತಿಳಿದ. ಅವರಲ್ಲಿ ಹಾಗೆ ಹಾಕುವ ರೂಢಿಯೂ ಇತ್ತು. ಮರುದಿನ ಸಬ್ರೀನ್ ಕೈಯಿಂದ ಒಂದು ದೊಡ್ಡ ಡಬ್ಬಿ ಬರ್ಫಿ ಮಾಡಿಸಿ ತಂದು ವಾರ್ಡಿನಲ್ಲೆಲ್ಲ ಹಂಚಿದ. ರಘುನಾಥ ದೂರದಿಂದ ನೋಡುತ್ತಿದ್ದ. ಯಾವ ನರ್ಸಾದರೂ ಇದು ಯಾತಕ್ಕೆ ಎಂದು ಕೇಳಿಬಿಟ್ಟರೆ? ಯಾರೂ ಕೇಳಲಿಲ್ಲ. ಸಿಹಿ ಕೊಟ್ಟರೆ ಥ್ಯಾಂಕ್ಸ್ ಹೇಳಿ ತಿನ್ನುವ ಜನ ಅವರು. ಮೋಯಿನ್ ಎರಡು ತುಂಡು ರಘುನಾಥನ ಕೈಗೂ ಇಟ್ಟ. ಬರ್ಫಿ ಚೆನ್ನಾಗಿತ್ತು.

ಮಾರ್ಚಿನಲ್ಲಿ ಎಲ್ಲವೂ ಅವನು ಬರೆದ ಹಾಗೇ ನಡೆಯಿತು. ಗುನಿಲ್ಲಾಳಿಗೆ ಮೊದಲು ನಾಲ್ಕು ಕಾಗದ ಸಿಗಲಿಲ್ಲ, ಆಮೇಲೆ ಹನ್ನೊಂದು, ಎಲ್ಲ ಹುಡುಕಿದಾಗ ನೂರ ಹನ್ನೆರಡು. ಎಲ್ಲವೂ ಮೋಯಿನ್‌ನ ಲಾಗಿನ್, ಮೋಯಿನ್‌ನ ಕೋಣೆ, ಮೋಯಿನ್ ಕಟ್ಟಡದಲ್ಲೇ ಇದ್ದ ಹೊತ್ತು. ಪ್ರಬಂಧ ಹಿಂದಕ್ಕೆ ಬಂತು. ಹುದ್ದೆ ತಡೆಯಾಯಿತು. ಯಾರೂ ದನಿ ಏರಿಸಲಿಲ್ಲ. ಮೋಯಿನ್ ಫಿಕಾಗೆ ಬಂದರೆ ಮೇಜು ಮಾತ್ರ ಮೆಲ್ಲಗೆ ಖಾಲಿಯಾಗುತ್ತಿತ್ತು. ಅವನ ಕೆನ್ನೆ ಒಳಗಿಳಿಯಿತು. ಒಂದು ಭಾನುವಾರ ಸಬ್ರೀನ್ ಫೋನ್ ಮಾಡಿ ಮೀರಾಳ ಹತ್ತಿರ ಅತ್ತಳು. ಊಟ ಬಿಟ್ಟಿದಾರೆ ಕಣ್ರೀ, ಎಷ್ಟು ಸಲ ಕೇಳಿದ್ರೂ ನಂದಲ್ಲ ನಂದಲ್ಲ ಅಂತಾರೆ ಎಂದಳಂತೆ. ಮೀರಾ ಅದನ್ನು ಹೇಳಿದ ರಾತ್ರಿ ರಘುನಾಥನಿಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಪ್ರೊಫೆಸರರ ಮಿಂಚಂಚೆ ಬಂದಿತ್ತು. ತನಿಖೆಗೆ ಲೆಕ್ಕ ತಿಳಿದವರ ಸಹಾಯ ಬೇಕು, ನಿನ್ನ ಕರಾರನ್ನು ಒಂದು ವರ್ಷ ಮುಂದುವರಿಸಲಾಗಿದೆ. ಅದನ್ನು ಓದಿದ ಮೇಲೆ ರಾತ್ರಿಯ ನಿದ್ದೆ ಯಾಕೆ ಕೆಟ್ಟಿತ್ತೆಂಬುದು ಅವನಿಗೆ ಮರೆತೇಹೋಯಿತು.

ಏಪ್ರಿಲಿನ ಒಂದು ಗುರುವಾರ ಮಧ್ಯಾಹ್ನ ಒಂದು ಮುಕ್ಕಾಲಿಗೆ ಗುನಿಲ್ಲಾ ಸಭೆ ಕರೆದಳು. ಮೂರಕ್ಕೆ ಇಟ್ಟುಕೊಂಡರೆ ಹೇಗೆ ಎಂದು ರಘುನಾಥ ಉತ್ತರ ಬರೆದ. ಯಾಕೆಂದು ಕೇಳಿದ್ದರೆ ಅವನಿಗೇ ಗೊತ್ತಿರಲಿಲ್ಲ. ಮೂರಕ್ಕೆ ಫಿಕಾ, ಆಗುವುದಿಲ್ಲ ಎಂದು ಅವಳು ತಿರುಗಿ ಬರೆದಳು.

ಸಣ್ಣ ಕೋಣೆ. ಮೇಜಿನ ಆಚೆ ಗುನಿಲ್ಲಾ, ಈಚೆ ರಘುನಾಥ, ಕಿಟಕಿಯ ಪಕ್ಕ ಮೋಯಿನ್. ಗುನಿಲ್ಲಾ ಒಂದು ದೊಡ್ಡ ಚೌಕುಳಿ ಹಾಳೆ ಬಿಡಿಸಿದಳು. ಅಡ್ಡಕ್ಕೆ ವಾರದ ಏಳು ದಿನ, ಉದ್ದಕ್ಕೆ ಗಂಟೆಗಳು. ಕಾಗದವಿರುವ ರೋಗಿಗಳಿಗೆ ಮೊದಲ ಸೂಜಿ ಬಿದ್ದ ಹೊತ್ತಿಗೆ ನೀಲಿ ಚುಕ್ಕೆ, ಕಾಗದವಿಲ್ಲದವರಿಗೆ ಕೆಂಪು ಚುಕ್ಕೆ.

"ನೀನೇ ನಮಗೆ ಪಾಠ ಮಾಡಿದ್ದೆ. ಲೆಕ್ಕ ಹಾಕುವ ಮೊದಲು ಚಿತ್ರ ಬರೆಯಿರಿ ಎಂದು," ಅಂದಳು ಅವಳು. "ಅದಕ್ಕೇ ಬರೆದೆ. ನೀಲಿ ಎಲ್ಲ ಕಡೆ ಇದೆ. ಕೆಂಪು ಕೆಲವು ಕಡೆ ಬಿದ್ದೇ ಇಲ್ಲ. ದಿನಕ್ಕೆ ಸರಿಯಾಗಿ ಒಂದೂವರೆ ಗಂಟೆ ಖಾಲಿ, ಆದರೆ ಒಂದೊಂದು ದಿನ ಒಂದೊಂದು ಹೊತ್ತು. ಆ ಖಾಲಿ ಜಾಗಗಳಲ್ಲಿ ನೀಲಿ ನೂರ ಮೂವತ್ತೊಂದು ಇವೆ. ಕೆಂಪು ಒಂದೂ ಇಲ್ಲ. ಹದಿನಾಲ್ಕಾದರೂ ಇರಬೇಕಿತ್ತು, ಅಲ್ಲವಾ? ನನಗೆ ಅರ್ಥವಾಗುತ್ತಿಲ್ಲ."

ಹದಿನಾಲ್ಕು. ಸರಿಯಾದ ಲೆಕ್ಕ. ರಘುನಾಥನಿಗೆ ಮೊದಲು ಹುಟ್ಟಿದ್ದು ಭಯವಲ್ಲ, ಕುತೂಹಲ. ಯಾರದೋ ಕೈಯ ಗುರುತು ಅದು, ಸ್ಪಷ್ಟವಾಗಿದೆ. ಯಾರದು ಎಂದು ಅವನು ಬಗ್ಗಿ ನೋಡುತ್ತಿರುವಾಗಲೇ ಮೋಯಿನ್ ಎದ್ದು ಬಂದ. ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು, ಖಾಲಿ ಚೌಕಗಳ ಮೇಲೆ ಬೆರಳಿಟ್ಟು ಸೋಮವಾರದಿಂದ ಭಾನುವಾರದವರೆಗೆ ಒಂದೊಂದಾಗಿ ಸರಿದ. ತುಟಿ ಅಲ್ಲಾಡುತ್ತಿತ್ತು. ಕೊನೆಗೆ ತಲೆಯೆತ್ತಿ, ಕನ್ನಡದಲ್ಲಿ ಮಾತಾಡಿದ.

"ರಘಣ್ಣ, ಅವತ್ತು ನೀವು ನಮ್ಮಪ್ಪನ ಕತೆ ಪೂರ್ತಿ ಕೇಳ್ಲೇ ಇಲ್ಲ. ಇವೆಲ್ಲ ಅವರು ಚಾ ಕುಡೀತಿದ್ದ ಹೊತ್ತು. ಸೋಮವಾರ ಏಳೂವರೆಯಿಂದ ಒಂಬತ್ತು, ಮಂಗಳವಾರ ಮೂರರಿಂದ ನಾಲ್ಕೂವರೆ. ರಾಹುಕಾಲದಲ್ಲಿ ಮದುವೆ ಜವಳಿ ತೆಗೆಯೋಕೆ ಯಾರೂ ಅಂಗಡಿ ಮೆಟ್ಲು ಹತ್ತಲ್ಲ ಅಂತ ಅಪ್ಪ ಆಗ ಚಾ ತರಿಸ್ತಿದ್ರು. ನಾನು ಡಾಕ್ಟ್ರು. ರಾಹುಕಾಲದಲ್ಲೇ ನೂರಾರು ಜನಕ್ಕೆ ಸೂಜಿ ಕೊಡಿಸಿದೀನಿ. ನಿಮ್ಮ ಅಡುಗೆಮನೆ ಗೋಡೆ ಮೇಲಿನ ಕ್ಯಾಲೆಂಡರ್ ನಾನೂ ನೋಡಿದೀನಿ. ಮದ್ದು ಶುರು ಮಾಡೋಕೆ ಮುಂಚೆ ಗೋಡೆ ನೋಡೋ ಮನೆಯಿಂದ ಈ ಘಟಕಕ್ಕೆ ಬಂದವರು ಒಬ್ರೇ."

ಏನು ಹೇಳುತ್ತಿದ್ದಾನೆ ಎಂದು ಗುನಿಲ್ಲಾ ರಘುನಾಥನನ್ನು ಕೇಳಿದಳು. ನೀವೇ ಹೇಳಿ ರಘಣ್ಣ ಎಂದು ಮೋಯಿನ್ ಕುರ್ಚಿಯಲ್ಲಿ ಕೂತ. ರಘುನಾಥ ಹಾಳೆಯನ್ನೇ ನೋಡುತ್ತಿದ್ದ. ಬುಧವಾರ ಹನ್ನೆರಡರಿಂದ ಒಂದೂವರೆ ಖಾಲಿ, ಗುರುವಾರ ಒಂದೂವರೆಯಿಂದ ಮೂರು ಖಾಲಿ. ನೂರ ಹನ್ನೆರಡು ಹಾಸಿಗೆಗಳ ಪಕ್ಕ ನಿಂತಾಗ ಅವನು ಗಂಟೆಯನ್ನು ಬುದ್ಧಿಯಿಂದ ಆರಿಸಿರಲಿಲ್ಲ, ಕೈಗೆ ಬಿಟ್ಟಿದ್ದ. ಆ ಕೈಯನ್ನು ಹಿಡಿದು ಬೆಳೆಸಿದವಳು, ಮಗನಿಗೆ ಎಷ್ಟೇ ಜ್ವರ ಕಾಯುತ್ತಿದ್ದರೂ ಮೊದಲ ಚಮಚವನ್ನು ರಾಹುಕಾಲ ಕಳೆಯುವವರೆಗೆ ಬಾಯಿಗೆ ಹಾಕದೆ ಕೂತಿರುತ್ತಿದ್ದ ಅಮ್ಮ. ಅವನು ತಲೆಯೆತ್ತಿ ಗೋಡೆ ನೋಡಿದ. ಗಡಿಯಾರದಲ್ಲಿ ಎರಡು ಗಂಟೆಯಾಗಿತ್ತು.